ಕೆನೆ ತೆಗೆದ ಕೈ

ನಮ್ಮ ತುಂಗಾಳನ್ನು ಒಯ್ಯಲು ಆರೈಕೆ ಮನೆಯ ಬಿಳಿ ಗಾಡಿ ಬಂದಾಗ ನಾನು ಹಿತ್ತಲಲ್ಲಿ ಅವಳ ಅಂಗಿ ಒಣಹಾಕುತ್ತಿದ್ದೆ. ಇಪ್ಪತ್ನಾಲ್ಕು ದಿನದ ಕೂಸು. ಗಾಡಿಯಿಂದಿಳಿದ ಇಬ್ಬರು ಹೆಂಗಸರಲ್ಲಿ ಒಬ್ಬಳು ಹೊಸ್ತಿಲ ಹೊರಗೇ ನಿಂತು ಕಾಗದ ಓದಿದಳು. ನೆಲೆ ಪರೀಕ್ಷೆಯಲ್ಲಿ ಶಿಶುವಿನ ಕರುಳಿನಲ್ಲಿ ಕಾವಲು ಜೀವಾಣು ಕಂಡುಬಂದಿಲ್ಲವಂತೆ. ಇದನ್ನು ತಾಯಿಯ ನಿರ್ಲಕ್ಷ್ಯವೆಂದು ಪರಿಗಣಿಸಲಾಗಿದೆಯಂತೆ. ತೊಂಬತ್ತು ದಿನ ಕೂಸು ಆರೈಕೆ ಮನೆಯಲ್ಲೇ ಇರತಕ್ಕದ್ದಂತೆ. ಇನ್ನೊಬ್ಬಳು ಒಳಗೆ ಹೋಗಿ, ಹಾಲು ಕುಡಿಯುತ್ತಿದ್ದ ಕೂಸನ್ನು ನನ್ನ ಸೊಸೆ ರತ್ನಮಾಲಾಳ ಮಡಿಲಿನಿಂದ ಎತ್ತಿಕೊಂಡಳು. ಕುಡಿಯುತ್ತಿದ್ದ ಕೂಸನ್ನು! ಒಂದು ಗುಟುಕು ಮುಗಿಯಲಿ ಎಂಬಷ್ಟೂ ತಾಳ್ಮೆಯಿಲ್ಲ.

ರತ್ನಾ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಗಾಡಿ ತಿರುವು ದಾಟುವವರೆಗೂ ನೋಡುತ್ತ ನಿಂತಳು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಮಂದಿ ಬಾಗಿಲು ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದರು. ಬಿಳಿ ಗಾಡಿ ಬಂದ ಮನೆಯೆಂದರೆ ಹೊಲಸು ಮನೆ, ಬೇಜವಾಬ್ದಾರಿ ತಾಯಿ. ಅಷ್ಟು ಹೊತ್ತಿಗೆ ಎಲ್ಲರ ತಲೆಯಲ್ಲೂ ಆ ಮಾತು ಕೂತಾಗಿತ್ತು. ಸುಳ್ಳು ಹೇಳಲಾರೆ, ನನ್ನ ತಲೆಯಲ್ಲೂ ಕೂತಿತ್ತು.

“ಹನಿ ದಿನಾ ಸರಿಯಾಗಿ ಹಾಕಿದಿ ಇಲ್ಲೋ?” ಎಂದು ಕೇಳಿಯೇಬಿಟ್ಟೆ.

ಅವಳು ನನ್ನತ್ತ ತಿರುಗಿದಳು. “ಮೊದಲ ಹನ್ನೊಂದು ದಿವ್ಸ ನೀವೇ ಹಾಕೀರಲ್ರಿ ಅತ್ತಿ. ಬಾಣಂತಿ ಏಳಬ್ಯಾಡ ಅಂತ. ಉಳದ ಹತ್ತು ದಿವ್ಸ ನಾ ಹಾಕೇನಿ. ಯಾರು ತಪ್ಪಿಸಿವಿ, ಹೇಳ್ರಿ.”

ಆ ಹನಿ ಹಾಕಿದ್ದಷ್ಟೇ ಅಲ್ಲ, ಅದನ್ನು ತಯಾರಿಸಿದವಳೂ ನಾನೇ.

ನನ್ನ ಕೆಲಸ ಏನೆಂದು ಹೇಳಿದರೆ ಮಂದಿ ನಗುತ್ತಾರೆ. ಸಾವಂತ್ರವ್ವ ಗರಗದ, ಇಪ್ಪತ್ತಾರು ವರ್ಷದಿಂದ ಜೀವಾಣುಗಳಿಗೆ ಅಡುಗೆ ಮಾಡುವವಳು. ನಗುವವರು ನಗಲಿ. ನಾನು ಹುಡುಗಿಯಿದ್ದಾಗ ದೊಡ್ಡ ಭೇದಿ ಬಂತು. ಯಾವ ಔಷಧಿಗೂ ಬಗ್ಗದ ರೋಗಾಣು. ನನ್ನ ಇಬ್ಬರು ತಮ್ಮಂದಿರು ಒಂದೇ ವಾರದಲ್ಲಿ ಹೋದರು. ಕೊಲ್ಲುವ ಔಷಧಿ ಇಲ್ಲವೆಂದು ಖಾತ್ರಿಯಾದ ಮೇಲೆ ವಿಜ್ಞಾನಿಗಳು ಬೇರೆ ದಾರಿ ಹುಡುಕಿದರು. ಹುಟ್ಟಿದ ಕೂಸಿನ ಕರುಳೆಂದರೆ ಖಾಲಿ ಸೈಟು. ಯಾರು ಮೊದಲು ಬಂದು ಗುಡಿಸಲು ಹಾಕುತ್ತಾರೋ ಜಾಗ ಅವರದು. ಹಾಗಿದ್ದರೆ ಒಳ್ಳೆಯ ಜೀವಾಣುವನ್ನೇ ಮೊದಲು ಕೂರಿಸಿಬಿಟ್ಟರೆ? ಅದು ಕರುಳಿನ ಗೋಡೆ ಹಿಡಿದು ಬೇರೂರಿದರೆ ಭೇದಿಯ ರೋಗಾಣು ಬಂದರೂ ಕಾಲಿಡಲು ಜಾಗವಿಲ್ಲದೆ ಹರಿದು ಹೋಗುತ್ತದೆ. ಆ ಒಳ್ಳೆಯ ಜೀವಾಣುವಿಗೆ ಕಾವಲು ಎಂದು ಹೆಸರಾಯಿತು. ಅದು ತುಂಬಿದ ಹನಿಗೆ ನೆಲೆಹನಿ ಎಂದರು. ಹುಟ್ಟಿದ ದಿನದಿಂದ ಇಪ್ಪತ್ತೊಂದು ದಿನ, ದಿನಕ್ಕೆ ಐದು ಹನಿ. ಆಮೇಲೆ ಒಂದು ದಿನ ಬಿಟ್ಟು ಕೂಸಿನ ಮಲ ಪರೀಕ್ಷೆ. ಕಾವಲು ಇನ್ನೂ ಅಲ್ಲಿದ್ದರೆ ನೆಲೆ ನಿಂತಿದೆ ಎಂದರ್ಥ, ಹಾಕುವುದನ್ನು ನಿಲ್ಲಿಸಬಹುದು.

ಮೊದಮೊದಲು ನೂರಕ್ಕೆ ತೊಂಬತ್ತೆಂಟು ಕೂಸುಗಳಲ್ಲಿ ನೆಲೆ ನಿಲ್ಲುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬಾಣಂತಿಯರು ಕುಂಕುಮ ತಂದು ಹಚ್ಚುತ್ತಿದ್ದರು. ಈಚಿನ ವರ್ಷಗಳಲ್ಲಿ ಲೆಕ್ಕ ಇಳಿಯುತ್ತ ಬಂತು. ಶಿಶು ಮಂಡಳಿಯವರು ಕಾರಣವನ್ನೂ ಹೇಳಿಬಿಟ್ಟರು: ಈಗಿನ ತಾಯಂದಿರಿಗೆ ಶ್ರದ್ಧೆಯಿಲ್ಲ. ಹನಿ ಮರೆಯುತ್ತಾರೆ, ಜೇನು ನೆಕ್ಕಿಸುತ್ತಾರೆ, ಕೈ ತೊಳೆಯುವುದಿಲ್ಲ. ಅದಕ್ಕೇ ಆರೈಕೆ ಮನೆ, ಅದಕ್ಕೇ ಬಿಳಿ ಗಾಡಿ. ಭಾಷಣದಲ್ಲಿ ಈ ಮಾತು ಬಂದಾಗಲೆಲ್ಲ ನಾನು ಚಪ್ಪಾಳೆ ಹೊಡೆದವಳೇ. ಈಗ ನನ್ನ ಮನೆಯ ತೊಟ್ಟಿಲೇ ಖಾಲಿಯಾಯಿತು.

ಮಗ ಬಸಲಿಂಗ ರೈಲ್ವೆ ವರ್ಕ್‌ಶಾಪಿನಿಂದ ಬಂದವನು ವಿಷಯ ಕೇಳಿ ಕಟ್ಟೆಯ ಮೇಲೆ ಕುಸಿದು ಕೂತ. “ಅವ್ವಾ, ಗದ್ದಲ ಮಾಡಬ್ಯಾಡ್ರಿ. ತೊಂಬತ್ತು ದಿವ್ಸ ಕಣ್ಣು ಮುಚ್ಚಿ ತಗ್ಯೂದ್ರಾಗ ಹೋಗ್ತಾವ” ಎಂದ.

“ನಿನ್ನ ಎದಿಯಾಗ ಹಾಲಿಲ್ಲ. ಅದಕ ಹೋಗ್ತಾವ” ಎಂದಳು ರತ್ನಾ.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಪ್ರಯೋಗಾಲಯಕ್ಕೆ ಹೋದೆ. ಕೆಲಸ ಎಂದರೆ ಇಷ್ಟೇ. ಅಗಲ ಬಾಯಿಯ ಗಾಜಿನ ಪಾತ್ರೆಗಳಲ್ಲಿ ತಿಳಿ ಸಾರಿನಂಥ ಆಹಾರ ಕಾಯಿಸಿ ಆರಿಸಿ ಇಡಬೇಕು. ಅದಕ್ಕೆ ಹಿಂದಿನ ಪಾತ್ರೆಯಿಂದ ಒಂದು ಚಮಚ ಕಾವಲು ಹಾಕಬೇಕು, ನಾವು ಮೊಸರಿಗೆ ಹೆಪ್ಪು ಹಾಕುವುದಿಲ್ಲವೇ ಹಾಗೆ. ಬೆಚ್ಚಗಿನ ಕಪಾಟಿನಲ್ಲಿ ಎರಡು ದಿನ ಇಟ್ಟರೆ ಜೀವಾಣು ಬೆಳೆದು ಸಾರು ಮಬ್ಬಾಗುತ್ತದೆ, ಮೇಲೆ ಕೆನೆ ಕಟ್ಟುತ್ತದೆ. ಆ ಕೆನೆಯನ್ನು ಕಾಯಿಸಿದ ಚಮಚದಿಂದ ತೆಗೆದೊಗೆದು, ಕೆಳಗಿನದನ್ನು ಬಾಟಲಿ ತುಂಬುವ ಯಂತ್ರಕ್ಕೆ ಕಳಿಸಬೇಕು. ಒಂಬತ್ತು ವರ್ಷದ ಹಿಂದೆ ಆ ಯಂತ್ರ ಬಂದಾಗ ಕೆನೆ ಸಿಕ್ಕಿ ಅದರ ಮೂತಿ ಕಟ್ಟಿಕೊಳ್ಳುತ್ತಿತ್ತು. ಕೆನೆ ತೆಗೆಯಿರಿ ಎಂದು ಮಂಡಳಿಯಿಂದ ಆದೇಶ ಬಂತು. ಮುಂದಿನ ಪಾತ್ರೆಗೆ ಹೆಪ್ಪು ಹೋಗುವುದೂ ಆ ಕೆನೆ ತೆಗೆದ ಸಾರಿನಿಂದಲೇ. ನನ್ನಷ್ಟು ನಾಜೂಕಾಗಿ ಕೆನೆ ತೆಗೆಯುವವರು ಇಡೀ ಇಲಾಖೆಯಲ್ಲಿ ಇರಲಿಲ್ಲ. ನನಗೊಮ್ಮೆ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದ್ದರು.

ಆ ದಿನ ಚಮಚ ಹಿಡಿದು ಪಾತ್ರೆಯ ಮೇಲೆ ಬಗ್ಗಿದವಳು ಹಾಗೇ ನಿಂತೆ. ತೆಗೆಯಲು ಕೆನೆಯೇ ಇರಲಿಲ್ಲ. ಇದೇನು ಹೊಸದಲ್ಲ, ಬಹಳ ತಿಂಗಳಿಂದ ಹೀಗೇ ಇತ್ತು. ಒಂಬತ್ತು ವರ್ಷದ ಹಿಂದೆ ರೊಟ್ಟಿಯಷ್ಟು ದಪ್ಪ ಬರುತ್ತಿತ್ತು, ಮಡಚಿ ತೆಗೆಯಬೇಕಾಗುತ್ತಿತ್ತು. ವರ್ಷ ವರ್ಷ ತೆಳುವಾಗುತ್ತ ಬಂತು. ಕೆಲಸ ಹಗುರಾಯಿತೆಂದು ನಾನು ಖುಷಿಯಾಗಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಮನೆಯಲ್ಲಿ ಹಾಲು ಕೆನೆ ಕಟ್ಟದಿದ್ದರೆ ಹಾಲಿನವನನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವವಳು ನಾನು. ಇಲ್ಲಿ ಮಾತ್ರ ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಚಮಚ ಹಿಡಿದುಕೊಂಡೇ ಡಾಕ್ಟರ್ ಮೆಹರುನ್ನೀಸಾ ದಫೇದಾರರ ಕೋಣೆಗೆ ಹೋದೆ. ಪ್ರಯೋಗಾಲಯಕ್ಕೆ ಅವರೇ ಮುಖ್ಯಸ್ಥರು, ಬಂದು ಎರಡು ವರ್ಷವಾಗಿತ್ತು. ಒಳ್ಳೆಯ ಹೆಣ್ಣುಮಗಳು, ಆದರೆ ಅಂಜುಬುರುಕಿ.

“ಮೇಡಂ, ನಾವು ತಗದು ಒಗೀತೀವಲ್ಲ ಕೆನಿ, ಅದು ಏನ್ರಿ?”

“ಅದೂ ಕಾವಲೇ, ಸಾವಂತ್ರವ್ವ. ಮ್ಯಾಲೆ ಗಾಳಿ ಚೊಲೋ ಸಿಗ್ತೈತಿ. ಅಲ್ಲಿ ಬಂದು ಒಂದಕ್ಕೊಂದು ಹಿಡಕೊಂಡು ನಿಂತಿರ್ತಾವ.”

“ಹಿಡಕೊಳ್ಳಾಕ ಅವಕ ಕೈ ಅದಾವೇನ್ರಿ?”

“ಕೈ ಅಲ್ಲ, ಕೂದ್ಲ. ಮೈತುಂಬ ಸಣ್ಣ ಕೂದ್ಲ ಇರ್ತಾವ, ಒಂದೊಂದರ ತುದಿಗೆ ಒಂದು ಕೊಕ್ಕಿ. ಕರುಳಿನ ಗ್ವಾಡಿ ಹಿಡಕೊಳ್ಳೂದೂ ಅದರಿಂದನ...” ಎಂದವರು ಮಾತು ಅಲ್ಲಿಗೇ ಬಿಟ್ಟರು.

“ಅಂದ್ರ ಕೊಕ್ಕಿ ಇದ್ದಾವು ಮ್ಯಾಲೆ ಬಂದು ಕೆನಿ ಆಗ್ತಾವು. ಕೊಕ್ಕಿ ಇಲ್ಲದಾವು ಕೆಳಗ ಉಳೀತಾವು. ನಾ ಒಂಬತ್ತು ವರ್ಷ ಮ್ಯಾಲಿನವನ್ನ ತಗದು ಗಟಾರಕ್ಕ ಚೆಲ್ಲೇನಿ. ಕೂಸಿನ ಬಾಯಾಗ ಏನು ಬಿದ್ದೈತ್ರಿ ಮೇಡಂ?”

ಅವರು ಎದ್ದು ನನ್ನ ಪಾತ್ರೆಯಿಂದ ಒಂದು ಹನಿ ತೆಗೆದುಕೊಂಡು ದೊಡ್ಡ ಸೂಕ್ಷ್ಮದರ್ಶಕದ ಕೋಣೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಕರೆದರು. ಪರದೆಯ ಮೇಲೆ ಎರಡು ಚಿತ್ರಗಳಿದ್ದವು. ಒಂದು ಇಪ್ಪತ್ತು ವರ್ಷ ಹಳೆಯ ಕಡತದ್ದು: ಗುಳಿಗೆಯಂಥ ಜೀವಾಣು, ಮೈಸುತ್ತ ದಟ್ಟ ಕೂದಲು. ಇನ್ನೊಂದು ಆವತ್ತಿನದು: ಅದೇ ಗುಳಿಗೆ, ಬೋಳು.

ದಫೇದಾರ ಮೇಡಂ ನನಗೆ ಬಿಡಿಸಿ ಹೇಳಿದರು. ಕಾವಲಿನ ಒಳಗೆ ಒಂದು ಗುಂಡಿಯಿದೆ, ದೀಪ ಹಚ್ಚುವ ಗುಂಡಿಯಂಥದು. ಅದು ತನ್ನಷ್ಟಕ್ಕೆ ಆಗೊಮ್ಮೆ ಈಗೊಮ್ಮೆ ಮಗುಚಿಕೊಳ್ಳುತ್ತದೆ. ಮಗುಚಿದರೆ ಕೂದಲು ಬೆಳೆಯುತ್ತದೆ, ಮತ್ತೆ ಮಗುಚಿದರೆ ಮುಂದಿನ ಪೀಳಿಗೆ ಬೋಳು. ಕೂದಲು ಬೆಳೆಸಲು ಅದಕ್ಕೆ ಶಕ್ತಿ ಬೇಕು. ಕೊಕ್ಕೆಯವು ಪಾತ್ರೆಯಲ್ಲಿ ಗೆಲ್ಲುವುದು ಮೇಲಿನ ಗಾಳಿಯ ಜಾಗ ಹಿಡಿದು ಮಾತ್ರ. ಆ ಜಾಗಕ್ಕೆ ಬಂದವನ್ನೇ ಆರಿಸಿ ಆರಿಸಿ ಒಗೆದರೆ, ಒಂಬತ್ತು ವರ್ಷದಲ್ಲಿ ಉಳಿಯುವುದು ಬೋಳು ಸಂತತಿಯೇ. ಪಾತ್ರೆಯಲ್ಲಿ ಅವು ಆರಾಮಾಗಿರುತ್ತವೆ. ಕರುಳು ಮಾತ್ರ ಹರಿಯುವ ಹಳ್ಳ. ಅಲ್ಲಿ ಹಿಡಿದುಕೊಳ್ಳಲಾಗದ್ದು ನಾಲ್ಕು ತಾಸಿನಲ್ಲಿ ಬಟ್ಟೆಗೆ ಬಂದುಬಿಡುತ್ತದೆ.

“ಪರೀಕ್ಷಾ ಮಾಡಿ ಬಾಟ್ಲಿ ತುಂಬತಾರಲ್ರಿ. ಯಾರೂ ನೋಡಲಿಲ್ಲೇನು?”

“ಜೀವಂತ ಅದಾವೇನು, ಎಷ್ಟು ಅದಾವು, ಅಷ್ಟ ನೋಡ್ತೀವಿ. ಕೊಕ್ಕಿ ಪರೀಕ್ಷಾ ಯಂತ್ರ ಬಂದಾಗಿಂದ ಬಿಟ್ಟಾರ. ಯಾವತ್ತೂ ಪಾಸ್ ಆಗ್ತಿತ್ತು, ಬ್ಯಾಡ ಅಂತ ತಗದಾರ” ಎಂದು ಮೇಡಂ ತಲೆ ತಗ್ಗಿಸಿದರು.

ಆ ಬಿಟ್ಟ ಪರೀಕ್ಷೆ ಯಾವುದು ಗೊತ್ತೇ? ಬೇಕರಿಯವರು ಪಾವು, ಬ್ರೆಡ್ಡಿಗೆ ಹಾಕುವ ಈಸ್ಟು! ಕರುಳಿನ ಗೋಡೆಯ ಮೇಲೆ ಯಾವ ಸಕ್ಕರೆಯನ್ನು ಕಾವಲಿನ ಕೊಕ್ಕೆ ಹಿಡಿಯುತ್ತದೋ ಅದೇ ಜಾತಿಯ ಸಕ್ಕರೆ ಈಸ್ಟಿನ ಮೈಮೇಲೂ ಇದೆ. ಈಸ್ಟಿನ ನೀರಿಗೆ ಕೊಕ್ಕೆಯಿರುವ ಕಾವಲು ಬೆರೆಸಿದರೆ ಅದು ಈಸ್ಟನ್ನೆಲ್ಲ ಹಿಡಿದು ಗಂಟು ಕಟ್ಟುತ್ತದೆ, ಒಡೆದ ಹಾಲಿನ ಹಾಗೆ. ಬೋಳು ಬೆರೆಸಿದರೆ ಏನೂ ಆಗುವುದಿಲ್ಲ, ಬೆಳ್ಳಗೆ ಹಾಗೇ ನಿಲ್ಲುತ್ತದೆ. ಸೂಕ್ಷ್ಮದರ್ಶಕ ಬೇಡ, ಬರಿಗಣ್ಣು ಸಾಕು. ಮೇಡಂ ಗಾಜಿನ ಪಟ್ಟಿಯ ಮೇಲೆ ಮಾಡಿ ತೋರಿಸಿದರು. ನಮ್ಮ ನೆಲೆಹನಿ ಬೆಳ್ಳಗೆ ಹಾಗೇ ನಿಂತಿತು.

“ನಾ ವರದಿ ಬರೀತೀನಿ. ಮಂಡಳಿಗೆ ಕಳಸ್ತೀನಿ” ಎಂದರು.

“ಕಳಸಿ?”

“ಅವರು ಸಮಿತಿ ಮಾಡ್ತಾರ. ಮೂರ್ನಾಕು ತಿಂಗಳು ಹಿಡೀತೈತಿ. ಅಲ್ಲೀತನಕಾ ಹೊರಗ ಮಾತಾಡಬ್ಯಾಡ್ರಿ, ನಿಮ್ಮ ಕೈ ಮುಗೀತೀನಿ. ಇಬ್ಬರ ನೌಕರೀನೂ ಹೋಗ್ತಾವು.”

ನನಗೆ ಮೈಯೆಲ್ಲ ಉರಿಯಿತು. ಆದರೂ ವರದಿಗೆ ಅವರು ಸಹಿ ಹಾಕುವುದನ್ನು ನಿಂತು ನೋಡಿದೆ. ಆಮೇಲೆ ನಾನು ನನ್ನ ಕೆಲಸ ಮಾಡಿದೆ. ಕಪಾಟಿನ ಹಿಂದಿನ ಸಾಲಿನಲ್ಲಿ ಒಂದು ಪಾತ್ರೆಯನ್ನು ಮುಟ್ಟದೆ, ಅಲುಗಿಸದೆ ಇಟ್ಟೆ. ಮೂರನೆಯ ದಿನ ನೂಲಿನಂಥ ಪೊರೆ ಕಟ್ಟಿತು. ಅದರಿಂದ ಹೆಪ್ಪು ತೆಗೆದು ಇನ್ನೊಂದಕ್ಕೆ ಹಾಕಿದೆ, ಅದರ ಕೆನೆಯಿಂದ ಮತ್ತೊಂದಕ್ಕೆ. ಸಾವಿರದಲ್ಲಿ ಒಂದು ಕೊಕ್ಕೆಯದು ಎಲ್ಲೋ ಉಳಿದಿತ್ತಲ್ಲ, ಅವೆಲ್ಲ ಮೇಲೆ ಬಂದು ಕೈಕೈ ಹಿಡಿದು ನಿಂತವು. ಹತ್ತು ದಿನದಲ್ಲಿ ಹಳೆಯ ಕಾಲದ ಕೆನೆ ಬಂತು.

ಆ ಹತ್ತು ದಿನವೂ ನಾವು ಆರೈಕೆ ಮನೆಗೆ ಹೋಗುತ್ತಿದ್ದೆವು. ಮಧ್ಯಾಹ್ನ ಮೂರಕ್ಕೆ ಅರ್ಧ ತಾಸು ಗಾಜಿನಾಚೆಯಿಂದ ನೋಡಲು ಬಿಡುತ್ತಿದ್ದರು. ಆಚೆ ಹದಿನೇಳು ತೊಟ್ಟಿಲು, ಈಚೆ ಹದಿನೇಳು ತಾಯಂದಿರು. ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪ್ರತಿಯೊಬ್ಬಳಿಗೂ ಪಕ್ಕದವಳು ನಿಜವಾಗಿಯೂ ತಪ್ಪು ಮಾಡಿದವಳು, ತಾನೊಬ್ಬಳು ಮಾತ್ರ ಅಲ್ಲ. ಕೂಸು ಅತ್ತರೆ ಗಾಜು ದಾಟಿ ಸದ್ದು ಬರುತ್ತಿರಲಿಲ್ಲ, ಬಾಯಿ ತೆರೆದದ್ದು ಮಾತ್ರ ಕಾಣುತ್ತಿತ್ತು. ರತ್ನಾಳ ಕುಪ್ಪಸ ಹಾಲಿನಿಂದ ತೊಯ್ದು ಸೆರಗಿಗೂ ಹರಡುತ್ತಿತ್ತು.

ಒಂದು ದಿನ ನರ್ಸು ಗಾಜಿನಾಚೆ ತುಂಗಾಳ ಬಾಯಿಗೆ ನೆಲೆಹನಿ ಬಿಡುತ್ತಿದ್ದಳು. ರತ್ನಾ ಮೆಲ್ಲಗೆ ಕೇಳಿದಳು. “ಅತ್ತಿ, ಆ ಬಾಟ್ಲಿ ನಿಮ್ಮಲ್ಲಿಂದು ಹೌದಲ್ರಿ?”

“ಹೌದವಾ.”

“ನಾವಿಬ್ಬರೂ ತಪ್ಪಿಸಿಲ್ಲ, ಆದ್ರೂ ನಿಲ್ಲಲಿಲ್ಲ. ಹಂಗಾರ ಇಲ್ಲೂ ನೆಲಿ ನಿಲ್ಲೂದಿಲ್ಲ.”

“ನಿಲ್ಲೂದಿಲ್ಲ.”

“ಇಲ್ಲಿ ಇಪ್ಪತ್ತೊಂದು ದಿವ್ಸ ಆದಮ್ಯಾಲೆ ಇವರೂ ಪರೀಕ್ಷಾ ಮಾಡ್ತಾರೇನ್ರಿ?”

“ಮಾಡಬೇಕು, ನಿಯಮ ಐತಿ.”

ಅವಳು ಅದನ್ನು ಯಾಕೆ ಕೇಳಿದಳೆಂದು ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ನನ್ನದೇ ಕೆನೆ ಕುದಿಯುತ್ತಿತ್ತು.

ಆವತ್ತೇ ಮನೆಗೆ ಬಂದು ಅವಳಿಗೆ ಎಲ್ಲ ಹೇಳಿದೆ. ಹೇಳುವುದೇನು, ಅಡುಗೆಮನೆಯಲ್ಲಿ ಮಾಡಿಯೇ ತೋರಿಸಿದೆ. ಬೇಕರಿಯಿಂದ ಈಸ್ಟು ತಂದು ಲೋಟದ ನೀರಿನಲ್ಲಿ ಕದಡಿದೆ. ಊಟದ ಸ್ಟೀಲ್ ತಟ್ಟೆಯ ಎರಡು ಕಡೆ ಎರಡು ಹನಿ ಇಟ್ಟೆ. ಒಂದಕ್ಕೆ ತುಂಗಾಳಿಗೆ ಹಾಕಿ ಉಳಿದಿದ್ದ ಬಾಟಲಿಯ ನೆಲೆಹನಿ, ಇನ್ನೊಂದಕ್ಕೆ ಪ್ರಯೋಗಾಲಯದಿಂದ ಊಟದ ಡಬ್ಬಿಯಲ್ಲಿಟ್ಟು ತಂದ ನನ್ನ ಕೆನೆ. ಕದ್ದೆನೆಂದೇ ಬರೆದುಕೊಳ್ಳಿ, ನನಗೇನೂ ಬೇಜಾರಿಲ್ಲ. ತಟ್ಟೆಯನ್ನು ಹಗುರಾಗಿ ಆಡಿಸಿದೆ. ಎಡಗಡೆಯದು ಬೆಳ್ಳಗೆ ಹಾಗೇ ಇತ್ತು. ಬಲಗಡೆಯದು ನೋಡನೋಡುತ್ತ ಕಣಕಣವಾಗಿ, ಗಂಟುಗಂಟಾಗಿ ಒಡೆಯಿತು.

ರತ್ನಾ ತಟ್ಟೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ನೋಡಿದಳು.

“ನನ್ನ ಕೈಯಿಂದ ಆಗೇತವಾ. ನಿನ್ನ ಮ್ಯಾಲೆ ಹಾಕಿದೆ. ನನ್ನ ಕ್ಷಮಿಸಬ್ಯಾಡ ಬೇಕಾರ” ಎಂದೆ. ಅಳು ತಡೆಯಲಾಗಲಿಲ್ಲ.

“ಅಳೂದು ಆಮ್ಯಾಲೆ ಅಳೂಣಂತ. ಈಸ್ಟು ಇನ್ನೂ ಐತೇನ್ರಿ?” ಎಂದಳು.

ಮರುದಿನ ಮೂರು ಗಂಟೆಗೆ ಅವಳು ಆರೈಕೆ ಮನೆಗೆ ತಟ್ಟೆ ಹಿಡಿದುಕೊಂಡೇ ಬಂದಳು. ಗಾಜಿನ ಮುಂದೆ ನಿಂತ ತಾಯಂದಿರಲ್ಲಿ ಒಬ್ಬೊಬ್ಬಳನ್ನೇ ಹೊರಗಿನ ಬೇವಿನ ಮರದ ಕೆಳಗೆ ಕರೆದಳು. “ನಿಮ್ಮ ಮನ್ಯಾಗ ಉಳದ ಬಾಟ್ಲಿ ತರ್ರಿ ನಾಳೆ” ಎಂದಳು. ತಂದರು. ಹದಿನೇಳು ಬಾಟಲಿ, ಹದಿನೇಳೂ ಬೆಳ್ಳಗೆ ನಿಂತವು. ಕೇಶ್ವಾಪುರದ ಒಬ್ಬಾಕೆ, ಯಾವಾಗಲೂ ಮೂಗು ಮುರಿದುಕೊಂಡು ನಿಲ್ಲುತ್ತಿದ್ದವಳು, ತಟ್ಟೆ ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. “ನನ್ನ ಗಂಡ ನನ್ನ ಹೊಡದಾನ್ರೀ, ಇದಕ” ಎಂದಳು. ರತ್ನಾ ಅವಳ ಕೈ ಹಿಡಿದು ಎಬ್ಬಿಸಿದಳು.

ಸುದ್ದಿ ಮಂಡಳಿಯವರ ಕಿವಿಗೆ ಬೀಳದೆ ಇರುತ್ತದೆಯೇ? ಕೂಸನ್ನು ಒಯ್ದ ಇಪ್ಪತ್ತೈದನೆಯ ದಿನ ವಿಚಾರಣೆಗೆ ಬರಹೇಳಿದರು. ಹದಿನೇಳೂ ಮನೆಯವರಿಗೆ ಕರೆ ಬಂದಿತ್ತು, ಒಬ್ಬೊಬ್ಬರಾಗಿ ಒಳಗೆ ಬರಬೇಕು. ಮೊದಲ ಕರೆ ನಮ್ಮದು. ಉಳಿದವರು ಹೊರಗಿನ ಪಡಸಾಲೆಯಲ್ಲಿ ಕೂತರು. ಆರೈಕೆ ಮನೆಯ ಪಕ್ಕದ ಕಟ್ಟಡವೇ ಮಂಡಳಿಯ ಕಚೇರಿ. ದೊಡ್ಡ ಮೇಜಿನಾಚೆ ಅಧ್ಯಕ್ಷರಾದ ಹೊಸಕೇರಿ ಸಾಹೇಬರು ಕೂತಿದ್ದರು. ಬದಿಗೆ ದಫೇದಾರ ಮೇಡಂ, ಮಡಿಲಲ್ಲಿ ಒಂದು ಕಡತ. ಅವರು ನನ್ನತ್ತ ಕಣ್ಣೆತ್ತಲಿಲ್ಲ.

ನಾನು ಕೇಳದೆಯೇ ಮೇಜಿನ ಮೇಲೆ ತಟ್ಟೆ ಇಟ್ಟೆ, ಈಸ್ಟು ಕದಡಿದೆ, ಎರಡೂ ಹನಿ ಬೆರೆಸಿ ತೋರಿಸಿದೆ. “ಒಂಬತ್ತು ವರ್ಷ ಕೆನಿ ತಗದಾಕಿ ನಾನು. ತಗೀರಿ ಅಂತ ಹೇಳಿದವ್ರು ನೀವು. ತಾಯಂದಿರದು ಏನೂ ತಪ್ಪಿಲ್ಲ. ಹನಿಯೊಳಗಿಂದು ಬೋಳು” ಎಂದೆ. ನನ್ನ ಧ್ವನಿ ಪಡಸಾಲೆಗೂ ಕೇಳಿಸಿರಬೇಕು.

ಹೊಸಕೇರಿ ಸಾಹೇಬರು ಕೋಪಿಸಿಕೊಳ್ಳಲಿಲ್ಲ. ಅವರ ನಯವೇ ಹೆಚ್ಚು ಅಪಾಯದ್ದು. ತಟ್ಟೆಯನ್ನು ಬಗ್ಗಿ ನೋಡಿ, “ಭಾಳ ಚೊಲೋ ಐತಿ. ಡಾಕ್ಟರ್ ಅವರ ವರದಿನೂ ಬಂದೈತಿ. ಒಳಗಿಂದೊಳಗ ಸರಿ ಮಾಡೂಣು. ಆದ್ರ ತಾಯೀ, ನಾಕು ಲಕ್ಷ ಕೂಸಿಗೆ ಹನಿ ಹಾಕೀವಿ. ಹನಿ ಕೆಟ್ಟೈತಿ ಅಂದ್ರ ಮಂದಿ ಹಾಕೂದೇ ಬಿಡ್ತಾರ. ದೊಡ್ಡ ಭೇದಿ ಮರೆತೀರೇನು?” ಎಂದರು.

ಮರೆತಿರಲಿಲ್ಲ. ನನ್ನ ತಮ್ಮಂದಿರ ಮುಖ ಕಣ್ಣ ಮುಂದೆ ಬಂದು ಹೋಯಿತು.

ಅವರು ಒಂದು ಕಾಗದವನ್ನು ರತ್ನಾಳ ಮುಂದೆ ಸರಿಸಿದರು. “ಇದಕ್ಕೊಂದು ಸಹಿ ಹಾಕು ತಂಗೀ. ನಿರ್ಲಕ್ಷ್ಯದಿಂದ ಹನಿ ತಪ್ಪಿಸೇನಿ, ಇನ್ನ ಮುಂದ ಹಂಗ ಮಾಡೂದಿಲ್ಲ ಅಂತ. ಬರೇ ಕಾಗದ. ಈಗಿಂದೀಗ ಕೂಸನ್ನ ಕೊಡ್ತೀವಿ. ಮನಿಗೆ ಒಯ್ಯಿ.”

ಕೂಸನ್ನ ಕೊಡ್ತೀವಿ! ನಿಜ ಹೇಳುತ್ತೇನೆ, ಇಷ್ಟು ಹಾರಾಡಿದ ನಾನು ಆ ಮಾತಿಗೆ ಕರಗಿ ನೀರಾದೆ. ಪೆನ್ನನ್ನು ನಾನೇ ಎತ್ತಿ ಸೊಸೆಯ ಕೈಗೆ ಕೊಟ್ಟೆ. “ಹಾಕವಾ. ಹಾಳ ಕಾಗದ ಹಾಳಾಗಿ ಹೋಗ್ಲಿ. ಕೂಸು ಬರ್ಲಿ” ಎಂದೆ. ಬಸಲಿಂಗನೂ “ಹಾಕು ರತ್ನಾ” ಎಂದ. ಅವನ ಕಣ್ಣು ತುಂಬಿತ್ತು.

ರತ್ನಾ ಪೆನ್ನು ಹಿಡಿದುಕೊಂಡು ಕಾಗದವನ್ನು ಪೂರ್ತಿ ಓದಿದಳು. ಅವಸರವಿಲ್ಲದೆ, ತುಟಿ ಅಲುಗಿಸುತ್ತ. ಆಮೇಲೆ ತಲೆಯೆತ್ತಿದಳು.

“ಸಾಹೇಬ್ರ, ನನ್ನ ಕೂಸು ಇಲ್ಲಿಗೆ ಬಂದು ಇಪ್ಪತ್ತೈದು ದಿವ್ಸ ಆತು. ಇಪ್ಪತ್ತೊಂದು ದಿವ್ಸ ನಿಮ್ಮ ನರ್ಸಬಾಯಿ, ನಿಮ್ಮ ಕೈಲೆ, ಗಾಜಿನೊಳಗ ಹನಿ ಹಾಕ್ಯಾರ. ನಾ ಹತ್ರನೂ ಬಂದಿಲ್ಲ. ಆಮ್ಯಾಲಿನ ನೆಲಿ ಪರೀಕ್ಷಾ ಏನಾತ್ರಿ?”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಕಚೇರಿ ಒಳಗಿನ ಕಡತ, ತಂಗೀ.”

“ನನ್ನ ಕೂಸಿನ ಹೊಟ್ಟಿ ಒಳಗಿಂದು, ಸಾಹೇಬ್ರ.”

ಆಗ ದಫೇದಾರ ಮೇಡಂ ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು. “ಪರೀಕ್ಷಾ ನಮ್ಮಲ್ಲೇ ಆಗೇತಿ. ಈ ಮನ್ಯಾಗ ಇಪ್ಪತ್ತೊಂದು ದಿವ್ಸ ಮುಗಿಸಿದ ಕೂಸು ಹದಿಮೂರು. ಹದಿಮೂರರಾಗ ಒಂದರಾಗೂ ನೆಲಿ ನಿಂತಿಲ್ಲ. ತುಂಗಾದೂ ಇಲ್ಲ” ಎಂದು ಓದಿ ಕಡತವನ್ನು ಮೇಜಿನ ಮೇಲೆ ಬಿಚ್ಚಿಟ್ಟರು.

“ಡಾಕ್ಟರ್!” ಎಂದರು ಸಾಹೇಬರು. ಮೊದಲ ಬಾರಿಗೆ ಅವರ ದನಿ ಏರಿತ್ತು.

ರತ್ನಾ ಆ ಕ್ಷಮಾಪಣೆಯ ಕಾಗದವನ್ನು ತಿರುಗಿಸಿ ಅವರ ಮುಂದೆ ಸರಿಸಿದಳು. ಪೆನ್ನನ್ನು ಅದರ ಮೇಲಿಟ್ಟಳು. “ಹಂಗಾರ ನೀವ ಸಹಿ ಹಾಕ್ರಿ. ನಿರ್ಲಕ್ಷ್ಯ ಅಂತ ಬರದೈತಿ. ಹೆಸರಿನ ಜಾಗ ಖಾಲಿ ಐತಿ.”

“ಏ ತಂಗೀ, ಮಾತಿಗೆ ಮಿತಿ ಇರ್ಲಿ. ಮಂದಿ ಹನಿ ಬಿಟ್ರ ಸಾಯೂ ಕೂಸಿನ ಜವಾಬ್ದಾರಿ ಯಾರದು?”

“ಹನಿ ಬಿಡ್ರಿ ಅಂತ ಯಾರಂದ್ರು? ಹನಿ ಬೇಕ ಬೇಕು. ಕೊಕ್ಕಿ ಇದ್ದಿದ್ದು ಬೇಕು. ನಮ್ಮ ಅತ್ತಿ ಮಾಡ್ಯಾರ, ಅಲ್ಲೇ ತಟ್ಟಿಯೊಳಗ ಐತಿ ನೋಡ್ರಿ. ಇನ್ನ ಮ್ಯಾಲೆ ತಟ್ಟಿ ಮ್ಯಾಲೆ ಗಂಟು ಕಟ್ಟಿ ತೋರಿಸಿದ ಹನಿ ಅಷ್ಟ ನಮ್ಮ ಕೂಸಿನ ಬಾಯಿಗೆ. ಯಾವ ತಾಯಿ ಬೇಕಾದ್ರೂ ಮಾಡಿ ನೋಡಬಹುದು, ರೊಟ್ಟಿ ಬಡಿಯೂಕಿಂತ ಸಸಾರ ಐತಿ.” ಅವಳು ಉಸಿರು ತೆಗೆದುಕೊಂಡಳು. “ನಾ ಸಹಿ ಹಾಕಿದ್ರ ಹೊರಗ ಕುಂತ ಹದಿನಾರು ಮಂದಿನೂ ಹಾಕಬೇಕಾಕ್ಕೈತಿ. ಆಮ್ಯಾಲೆ ನಾವು ಹದಿನೇಳೂ ಮಂದಿ ಸಾಯೂತನಕಾ ಹೊಲಸು ತಾಯಂದಿರು. ನಾ ಹಾಕೂದಿಲ್ರಿ.”

ನನ್ನ ಸೊಸೆ! ಮದುವೆಯಾಗಿ ಬಂದು ಮೂರು ವರ್ಷ, ಜೋರಾಗಿ ಸೀನಿದ್ದೂ ನಾನು ಕೇಳಿರಲಿಲ್ಲ. ಪೆನ್ನು ಎತ್ತಿಕೊಟ್ಟ ನನ್ನ ಕೈಯನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡೆ. ನಾಚಿಕೆಯೂ ಆಯಿತು, ಕುಣಿಯಬೇಕೆಂದೂ ಅನಿಸಿತು.

ಬಾಗಿಲು ತೆರೆದೇ ಇತ್ತು. ಪಡಸಾಲೆಯ ಹೆಂಗಸರೆಲ್ಲ ಎದ್ದು ಬಾಗಿಲಿಗೆ ಬಂದು ನಿಂತಿದ್ದರು. ಕೇಶ್ವಾಪುರದಾಕೆ ಮುಂದಿದ್ದಳು. ಸಾಹೇಬರು ಅವರನ್ನು ನೋಡಿದರು, ಕಡತ ನೋಡಿದರು, ತಟ್ಟೆ ನೋಡಿದರು. ಕೊನೆಗೆ ಗುಮಾಸ್ತನಿಗೆ ತಗ್ಗಿದ ದನಿಯಲ್ಲಿ, “ಗರಗದ ಅವರ ಕೂಸನ್ನ ತರಿಸ್ರಿ” ಎಂದರು.

ನರ್ಸು ತುಂಗಾಳನ್ನು ತಂದಳು. ತುಂಗಾ ಬಡವಾಗಿದ್ದಳು, ಆದರೆ ಗಂಟಲು ಗಟ್ಟಿಯಿತ್ತು. ಕಟ್ಟಡ ಹಾರಿಹೋಗುವಂತೆ ಕಿರುಚುತ್ತಿದ್ದಳು. ಇಪ್ಪತ್ತೈದು ದಿನದಿಂದ ಗಾಜಿನಾಚೆ ಬಾಯಷ್ಟೇ ಕಂಡಿದ್ದ ಅಳು ಈಗ ಕಿವಿಗೆ ಬಿತ್ತು. ರತ್ನಾ ಕೂಸನ್ನು ಎದೆಗೊತ್ತಿಕೊಂಡು, ಆ ದೊಡ್ಡ ಮೇಜಿನ ಮುಂದಿನ ಕುರ್ಚಿಯಲ್ಲೇ ಕೂತು, ಸೆರಗು ಮರೆಮಾಡಿ ಹಾಲಿಗೆ ಹಾಕಿದಳು. ಅಳು ನಿಂತಿತು. ಬಸಲಿಂಗ ಮೂಗು ಒರೆಸಿಕೊಂಡು, “ನಡಿ, ಮನಿಗೆ ಹೋಗೂಣು. ಆಟೋ ತರ್ತೀನಿ” ಎಂದ.

“ಇನ್ನೂ ಹದಿನಾರು ಕೂಸು ತೊಟ್ಟಿಲದಾಗ ಅದಾವು” ಎಂದಳು ರತ್ನಾ. ತಲೆಯನ್ನೂ ಎತ್ತಲಿಲ್ಲ. “ಅವು ಬರೂತನಕಾ ನಾ ಏಳಂಗಿಲ್ಲ. ನನ್ನ ಕೂಸು ಇಲ್ಲೇ ಕುಡೀತೈತಿ, ಇಲ್ಲೇ ಮಲಗತೈತಿ. ಸಾಹೇಬ್ರ, ನಿಮ್ಮ ಕೆಲಸ ನೀವು ಮಾಡ್ಕೋರಿ.”

ಬಾಗಿಲಲ್ಲಿದ್ದ ಹೆಂಗಸರು ಒಬ್ಬೊಬ್ಬರೇ ಒಳಗೆ ಬಂದರು. ಕುರ್ಚಿಗಳಿರಲಿಲ್ಲ, ನೆಲದ ಮೇಲೆ ಕೂತರು. ದಫೇದಾರ ಮೇಡಂ ತಮ್ಮ ಕುರ್ಚಿಯಿಂದ ಎದ್ದು ಬಂದು ಅವರ ನಡುವೆ ಕೂತರು. ಸಾಹೇಬರು ಫೋನು ಎತ್ತಿದರು, ಇಟ್ಟರು, ಮತ್ತೆ ಎತ್ತಿದರು. ನಾನು ಸೊಸೆಯ ಕಾಲ ಬಳಿ ಗೋಡೆಗೊರಗಿ ಕಾಲು ಚಾಚಿ ಕೂತೆ.